ಪ್ರಾಣಿಮೂಲದ ಥೈರಾಯ್ಡ್ ಮಾತ್ರೆ ಸೇವಿಸುವವರು ಹಾರ್ಮೋನಿನ ಮಟ್ಟವನ್ನು ಸರಿದೂಗಿಸಿಕೊಳ್ಳುವ ಬಗೆ

ಥೈರಾಯ್ಡ್ ಗ್ರಂಥಿಯ ಸ್ರಾವ ಕಡಿಮೆಯಾದಾಗ ವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಲಿವೋಥೈರಾಕ್ಸಿನ್, ಅಂದರೆ ಕೃತಕವಾಗಿ ತಯಾರಿಸಿದ ಟಿ4 ಹಾರ್ಮೋನಿನ ಮಾತ್ರೆ. ಅದರಿಂದ ನಿರೀಕ್ಷಿಸಿದಷ್ಟು ಚೇತರಿಕೆ ಕಾಣದ ಕೆಲವರು, ಹಂದಿಯ ಥೈರಾಯ್ಡ್ ಗ್ರಂಥಿಯನ್ನು ಒಣಗಿಸಿ ಪುಡಿಮಾಡಿ ತಯಾರಿಸಿದ ಮಾತ್ರೆಗೆ ವೈದ್ಯರ ಒಪ್ಪಿಗೆಯೊಂದಿಗೆ ಬದಲಾಗುತ್ತಾರೆ. ‘ನ್ಯಾಚುರಲ್ ಥೈರಾಯ್ಡ್’ ಅಥವಾ ‘ಡೆಸಿಕೇಟೆಡ್ ಥೈರಾಯ್ಡ್’ ಎಂಬ ಹೆಸರಿನಲ್ಲಿ ಇದು ಪರಿಚಿತವಾಗಿದೆ. ಮೊದಲ ಆಯ್ಕೆ ಲಿವೋಥೈರಾಕ್ಸಿನ್ ಆಗಿರಬೇಕೆಂಬ ವೈದ್ಯಕೀಯ ಸಂಘಗಳ ನಿಲುವನ್ನು ನಾನೂ ಒಪ್ಪುತ್ತೇನೆ. ಆದರೆ ಈಗಾಗಲೇ ಪ್ರಾಣಿಮೂಲದ ಮಾತ್ರೆ ಸೇವಿಸುತ್ತಿರುವವರಿಗೆ ಆ ಚರ್ಚೆಗಿಂತ ಅಗತ್ಯವಾದದ್ದು ತಮ್ಮ ರಕ್ತ ಪರೀಕ್ಷೆಯ ವರದಿಯನ್ನು ಸರಿಯಾಗಿ ಓದುವ ಕ್ರಮ. ಲಿವೋಥೈರಾಕ್ಸಿನ್ ಸೇವಿಸುವವರ ವರದಿಯನ್ನು ನೋಡುವ ದೃಷ್ಟಿಯಲ್ಲೇ ಇದನ್ನೂ ನೋಡಿದರೆ, ಸರಿಯಾಗಿರುವ ಪ್ರಮಾಣ ಕಡಿಮೆಯೆಂದು ತೋರಬಹುದು, ಅತಿಯಾಗಿರುವ ಪ್ರಮಾಣ ಸರಿಯೆಂದೂ ತೋರಬಹುದು.

ಮಾತ್ರೆಯೊಳಗೆ ಇರುವುದೇನು

ಈ ಚಿಕಿತ್ಸೆ ಹೊಸದಲ್ಲ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು ಕುರಿಯ ಥೈರಾಯ್ಡ್ ಗ್ರಂಥಿಯ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು, ತೀವ್ರ ಥೈರಾಯ್ಡ್ ಕೊರತೆಯಿಂದ ಬಳಲುತ್ತಿದ್ದ ಮಹಿಳೆಯೊಬ್ಬರನ್ನು ಗುಣಪಡಿಸಿದರು. ಟಿ4 ಹಾರ್ಮೋನನ್ನು 1914ರಲ್ಲಿ ಪ್ರತ್ಯೇಕಿಸಲಾಯಿತಾದರೂ, ಥೈರಾಯ್ಡಿನ ಇನ್ನೊಂದು, ಹೆಚ್ಚು ಚುರುಕಾದ ಹಾರ್ಮೋನಾದ ಟಿ3 ಪತ್ತೆಯಾದದ್ದು 1952ರಲ್ಲಿ. ಟಿ4 ಹಾರ್ಮೋನು ದೇಹದ ಅಂಗಾಂಶಗಳಲ್ಲಿ ಟಿ3 ಆಗಿ ಮಾರ್ಪಡುತ್ತದೆ ಎಂಬುದು 1970ರಲ್ಲಿ ಸಾಬೀತಾದ ಮೇಲೆ, ಟಿ4 ಒಂದನ್ನೇ ಕೊಟ್ಟರೆ ಸಾಕೆಂಬ ಪದ್ಧತಿ ಎಲ್ಲೆಡೆ ನೆಲೆಯೂರಿತು.

ಪ್ರಾಣಿಮೂಲದ ಮಾತ್ರೆಯಲ್ಲಿ ಟಿ4 ಮತ್ತು ಟಿ3 ಎರಡೂ ಇರುತ್ತವೆ. ಇದರ ಪ್ರಮಾಣವನ್ನು ‘ಗ್ರೇನ್’ ಎಂಬ ಹಳೆಯ ಅಳತೆಯಲ್ಲಿ ಹೇಳುವ ರೂಢಿ ಇಂದಿಗೂ ಉಳಿದಿದೆ. ಒಂದು ಗ್ರೇನ್ ಎಂದರೆ ತಯಾರಕರನ್ನು ಅವಲಂಬಿಸಿ 60ರಿಂದ 65 ಮಿಲಿಗ್ರಾಂ. ಅದರಲ್ಲಿ ಸುಮಾರು 38 ಮೈಕ್ರೋಗ್ರಾಂ ಟಿ4 ಹಾಗೂ 9 ಮೈಕ್ರೋಗ್ರಾಂ ಟಿ3 ಇರುತ್ತದೆ. ಅಂದರೆ ಒಂದು ಪಾಲು ಟಿ3 ಹಾರ್ಮೋನಿಗೆ ನಾಲ್ಕು ಪಾಲಿಗಿಂತ ಸ್ವಲ್ಪ ಹೆಚ್ಚು ಟಿ4 ಇದ್ದಂತಾಯಿತು. ಮನುಷ್ಯನ ಗ್ರಂಥಿಯ ಸ್ರಾವದಲ್ಲಾದರೋ ಒಂದು ಪಾಲು ಟಿ3 ಹಾರ್ಮೋನಿಗೆ ಸುಮಾರು ಹದಿನಾಲ್ಕು ಪಾಲು ಟಿ4 ಇರುತ್ತದೆ. ಮುಂದೆ ಹೇಳಲಿರುವ ಎಚ್ಚರಿಕೆಗಳಲ್ಲಿ ಬಹುಪಾಲು ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿದವು. ಆರೋಗ್ಯವಂತ ಗ್ರಂಥಿ ದಿನಕ್ಕೆ ನೇರವಾಗಿ ಸ್ರವಿಸುವ ಟಿ3 ಸುಮಾರು 6 ಮೈಕ್ರೋಗ್ರಾಂ ಮಾತ್ರ. ದೇಹಕ್ಕೆ ಬೇಕಾದ ಉಳಿದ ಟಿ3, ಅಂದರೆ ಒಟ್ಟು ಅಗತ್ಯದ ಐದರಲ್ಲಿ ನಾಲ್ಕು ಪಾಲು, ಟಿ4 ಹಾರ್ಮೋನಿನಿಂದ ಅಂಗಾಂಶಗಳಲ್ಲಿ ನಿಧಾನವಾಗಿ ತಯಾರಾಗುತ್ತದೆ. ಎರಡು ಗ್ರೇನ್ ಸೇವಿಸುವವರ ಹೊಟ್ಟೆಗೆ 18 ಮೈಕ್ರೋಗ್ರಾಂ ಟಿ3 ಒಂದೇ ಸಲ ಬಂದು ಸೇರುತ್ತದೆ.

ಎರಡು ಹಾರ್ಮೋನುಗಳ ವೇಗವೂ ಬೇರೆ ಬೇರೆ. ಟಿ4 ನಿಧಾನಿ, ರಕ್ತದಲ್ಲಿರುವ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಟಿ3 ಪ್ರಮಾಣ ಒಂದು ದಿನದ ಆಸುಪಾಸಿನಲ್ಲಿ ಅರ್ಧಕ್ಕಿಳಿಯುತ್ತದೆ, ಮತ್ತು ಮಾತ್ರೆ ನುಂಗಿದ ಎರಡರಿಂದ ನಾಲ್ಕು ಗಂಟೆಗಳಲ್ಲಿ ಅದು ರಕ್ತದಲ್ಲಿ ಏರಿ ಶಿಖರ ಮುಟ್ಟುತ್ತದೆ.

ವರದಿಯನ್ನು ಓದುವ ಕ್ರಮ

ವರದಿಯಲ್ಲಿ ಮೂರು ಅಂಕಿಗಳಿರುತ್ತವೆ. ಟಿಎಸ್‌ಎಚ್ ಎಂದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡನ್ನು ಚುರುಕುಗೊಳಿಸಲು ಸ್ರವಿಸುವ ಹಾರ್ಮೋನು; ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಅದು ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ. ಫ್ರೀ ಟಿ4, ಫ್ರೀ ಟಿ3 ಎಂದರೆ ರಕ್ತದಲ್ಲಿ ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿರುವ ಟಿ4 ಮತ್ತು ಟಿ3. ಈ ಮಾತ್ರೆಯನ್ನು ತಕ್ಕ ಪ್ರಮಾಣದಲ್ಲಿ ಸೇವಿಸುತ್ತಿರುವವರ ವರದಿಯಲ್ಲಿ ಸಾಮಾನ್ಯವಾಗಿ ಕಾಣುವ ಚಿತ್ರ ಹೀಗಿರುತ್ತದೆ: ಟಿಎಸ್‌ಎಚ್ ಮಿತಿಯೊಳಗೆ ಇರುತ್ತದೆ, ಫ್ರೀ ಟಿ4 ಮಿತಿಯ ಕೆಳತುದಿಯಲ್ಲಿ ಅಥವಾ ಅದಕ್ಕಿಂತ ತುಸು ಕೆಳಗೆ ಇರುತ್ತದೆ, ಫ್ರೀ ಟಿ3 ಮಧ್ಯದಲ್ಲಿ ಅಥವಾ ಮೇಲ್ಭಾಗದಲ್ಲಿ ಇರುತ್ತದೆ. ಟಿ3 ಹಾರ್ಮೋನು ಹೊರಗಿನಿಂದಲೇ ಸಿಗುತ್ತಿರುವುದರಿಂದ ಪಿಟ್ಯುಟರಿ ಗ್ರಂಥಿಗೆ ತೃಪ್ತಿಯಾಗಿ ಅದು ಟಿಎಸ್‌ಎಚ್ ಸ್ರಾವವನ್ನು ಹೆಚ್ಚಿಸುವುದಿಲ್ಲ. ಟಿ4 ಪೂರೈಕೆಯಾದರೋ ಕಡಿಮೆಯೇ ಇರುತ್ತದೆ. ಆದ್ದರಿಂದ ತಗ್ಗಿದ ಫ್ರೀ ಟಿ4 ಈ ಚಿಕಿತ್ಸೆಯ ಸಹಜ ಫಲವೇ ಹೊರತು ಮಾತ್ರೆ ಸಾಲದು ಎಂಬುದಕ್ಕೆ ಸಾಕ್ಷಿಯಲ್ಲ.

ಫ್ರೀ ಟಿ4 ಅಂಕಿಯನ್ನು ಮಿತಿಯ ಮಧ್ಯಕ್ಕೆ ತರಬೇಕೆಂದು ಹಟ ಹಿಡಿದು ಮಾತ್ರೆಯನ್ನು ಹೆಚ್ಚಿಸಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಮೂರು ಗ್ರೇನ್ ಸೇವಿಸಿದಾಗ ಸಿಗುವ ಟಿ4 ಸುಮಾರು 114 ಮೈಕ್ರೋಗ್ರಾಂ. ಅದರ ಬೆನ್ನಿಗೇ 27 ಮೈಕ್ರೋಗ್ರಾಂ ಟಿ3 ಬರುತ್ತದೆ. ಟಿ4 ಹಾರ್ಮೋನಿನ ಒಂದು ಭಾಗ ದೇಹದೊಳಗೆ ಮತ್ತೆ ಟಿ3 ಆಗಿ ಮಾರ್ಪಡುವುದನ್ನೂ ಸೇರಿಸಿಕೊಂಡರೆ, ಹೆಚ್ಚಿನವರ ಅಗತ್ಯವನ್ನು ಮೀರಿದ ಹಾರ್ಮೋನು ದೇಹದಲ್ಲಿ ತುಂಬಿಕೊಂಡಿರುತ್ತದೆ. ಒಂದು ಅಂಕಿ ಚೆನ್ನಾಗಿ ಕಾಣಲೆಂದು ಹೃದಯ ಮತ್ತು ಮೂಳೆಗಳು ಬೆಲೆ ತೆರಬೇಕಾಗುತ್ತದೆ.

ಮೂರರಲ್ಲಿ ಯಾವುದನ್ನು ಮುಖ್ಯವಾಗಿ ನಂಬಬೇಕು? ಪಿಟ್ಯುಟರಿ ಗ್ರಂಥಿ ಆರೋಗ್ಯವಾಗಿರುವವರ ಮಟ್ಟಿಗೆ ಟಿಎಸ್‌ಎಚ್ ಅಂಕಿಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು. ವಯಸ್ಕರಲ್ಲಿ ಅದರ ಮಿತಿ ಹೆಚ್ಚಿನ ಪ್ರಯೋಗಾಲಯಗಳಲ್ಲಿ ಸುಮಾರು 0.4ರಿಂದ 4.0ರವರೆಗೆ ಇರುತ್ತದೆ. ಈ ಮಾತ್ರೆ ಸೇವಿಸುವಾಗ ಟಿಎಸ್‌ಎಚ್ ಸೊನ್ನೆಯ ಹತ್ತಿರಕ್ಕೆ ಇಳಿದರೂ ಚಿಂತೆಯಿಲ್ಲ ಎಂಬ ಮಾತು ರೋಗಿಗಳ ನಡುವೆ ಬಹಳ ಪ್ರಚಾರದಲ್ಲಿದೆ. ಅದನ್ನು ನಂಬಬಾರದೆಂದು ಕಳಕಳಿಯಿಂದ ಹೇಳುತ್ತೇನೆ. ಟಿಎಸ್‌ಎಚ್ 0.1ಕ್ಕಿಂತ ಕೆಳಗೆ ದೀರ್ಘಕಾಲ ಉಳಿದವರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಹೃದಯದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಎಂಬ ತೊಂದರೆಯ ಅಪಾಯ ಹೆಚ್ಚುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಿ ಮೂಳೆ ಸವೆಯುವುದು ತೀವ್ರಗೊಳ್ಳುತ್ತದೆ. ಆ ವೇಳೆಯಲ್ಲಿ ಮೈಯಲ್ಲಿ ಉತ್ಸಾಹವಿದ್ದರೂ ಈ ಅಪಾಯ ಕಡಿಮೆಯಾಗುವುದಿಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 70 ಮಂದಿಗೆ ಎರಡೂ ಬಗೆಯ ಮಾತ್ರೆಗಳನ್ನು, ಯಾವುದು ಯಾವುದೆಂದು ತಿಳಿಸದೆ, ಒಂದಾದ ಮೇಲೊಂದರಂತೆ ಕೊಡಲಾಗಿತ್ತು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಪ್ರಾಣಿಮೂಲದ ಮಾತ್ರೆಯನ್ನೇ ಮೆಚ್ಚಿದರು. ಆದರೆ ಅಲ್ಲಿ ಎಲ್ಲರ ಟಿಎಸ್‌ಎಚ್ ಅಂಕಿಯನ್ನೂ ಮಿತಿಯೊಳಗೆ ಇರುವಂತೆಯೇ ಪ್ರಮಾಣವನ್ನು ಹೊಂದಿಸಲಾಗಿತ್ತು ಎಂಬುದನ್ನು ಮರೆಯಬಾರದು. ಒಳ್ಳೆಯದೆನಿಸಲು ಟಿಎಸ್‌ಎಚ್ ಅಡಗಲೇಬೇಕೆಂಬ ನಿಯಮವೇನೂ ಇಲ್ಲ.

ಪಿಟ್ಯುಟರಿ ಗ್ರಂಥಿಯ ತೊಂದರೆಯಿಂದಲೇ ಥೈರಾಯ್ಡ್ ಕೊರತೆ ಬಂದವರಿಗೆ ಮಾತ್ರ ಟಿಎಸ್‌ಎಚ್ ದಾರಿ ತೋರಿಸುವುದಿಲ್ಲ. ಅಂಥವರ ಪ್ರಮಾಣವನ್ನು ಅಂತಃಸ್ರಾವ ತಜ್ಞರೇ ಬೇರೆ ರೀತಿಯಲ್ಲಿ ನಿರ್ಧರಿಸಬೇಕಾಗುತ್ತದೆ.

ರಕ್ತ ಕೊಡುವ ವೇಳೆ

ಈ ಒಂದು ಸಂಗತಿಯನ್ನು ಸರಿಪಡಿಸಿಕೊಂಡರೆ ಗೊಂದಲದ ದೊಡ್ಡ ಪಾಲು ತಾನಾಗಿಯೇ ಕಳೆಯುತ್ತದೆ. ಒಬ್ಬ ವ್ಯಕ್ತಿ ಬೆಳಗ್ಗೆ ಏಳು ಗಂಟೆಗೆ ಮಾತ್ರೆ ನುಂಗಿ ಹತ್ತು ಗಂಟೆಗೆ ರಕ್ತ ಕೊಟ್ಟರು ಎಂದು ಇಟ್ಟುಕೊಳ್ಳೋಣ. ವರದಿಯಲ್ಲಿ ಫ್ರೀ ಟಿ3 4.9 ಎಂದು ಬಂದಿದೆ. ಪಕ್ಕದಲ್ಲಿ ಮುದ್ರಿಸಿರುವ ಮಿತಿ 2.3ರಿಂದ 4.2. ಅಂಕಿಯ ಮುಂದೆ ಮೇಲ್ಮುಖದ ಬಾಣದ ಗುರುತೂ ಇದೆ. ಫ್ರೀ ಟಿ4 0.8, ಟಿಎಸ್‌ಎಚ್ 1.4. ಬಾಣದ ಗುರುತನ್ನು ಕಂಡು ಗಾಬರಿಯಾಗಿ ಮಾತ್ರೆಯನ್ನು ಕಡಿಮೆ ಮಾಡಿದರೆ, ಕೆಲವೇ ವಾರಗಳಲ್ಲಿ ಆಯಾಸ, ಚಳಿ, ಮಲಬದ್ಧತೆ ಎಲ್ಲವೂ ಮರಳಬಹುದು. ಅದೇ ವ್ಯಕ್ತಿ ಅದೇ ಪ್ರಮಾಣದಲ್ಲಿ ಮುಂದುವರಿದು, ಇನ್ನೊಂದು ದಿನ ಮಾತ್ರೆ ನುಂಗುವ ಮೊದಲೇ ರಕ್ತ ಕೊಟ್ಟಿದ್ದರೆ ಫ್ರೀ ಟಿ3 3.1 ಎಂದು ಬರಬಹುದಿತ್ತು. ಮೊದಲನೆಯ ಅಂಕಿಯೂ ಸುಳ್ಳಲ್ಲ. ಅದು ಟಿ3 ಶಿಖರದಲ್ಲಿದ್ದ ಹೊತ್ತಿನ ಅಳತೆ. ಇಲ್ಲಿ ಪ್ರಮಾಣವನ್ನು ನಿರ್ಧರಿಸಬೇಕಾದದ್ದು 1.4 ಎಂಬ ಟಿಎಸ್‌ಎಚ್.

ಆದ್ದರಿಂದ ಪರೀಕ್ಷೆಯ ದಿನ ಬೆಳಗಿನ ಮಾತ್ರೆಯನ್ನು ಜೊತೆಯಲ್ಲಿ ಒಯ್ದು, ರಕ್ತ ಕೊಟ್ಟ ಮೇಲೆ ಸೇವಿಸುವುದು ಉತ್ತಮ. ಪ್ರತಿ ಸಲವೂ ಒಂದೇ ವೇಳೆಗೆ, ಸಾಧ್ಯವಾದರೆ ಒಂದೇ ಪ್ರಯೋಗಾಲಯದಲ್ಲಿ ರಕ್ತ ಕೊಡಬೇಕು. ಟಿಎಸ್‌ಎಚ್ ಸ್ವಭಾವತಃ ರಾತ್ರಿ ಮತ್ತು ಬೆಳಗಿನ ಜಾವ ಏರಿ ಮಧ್ಯಾಹ್ನದ ವೇಳೆಗೆ ಇಳಿಯುವುದರಿಂದ, ಒಂದು ಸಲ ಬೆಳಗ್ಗೆ ಎಂಟಕ್ಕೆ ಇನ್ನೊಂದು ಸಲ ಮಧ್ಯಾಹ್ನ ಮೂರಕ್ಕೆ ಕೊಟ್ಟ ರಕ್ತದ ವರದಿಗಳನ್ನು ಹೋಲಿಸಿ ತೀರ್ಮಾನಕ್ಕೆ ಬರುವುದು ಸರಿಯಾಗದು. ಕೂದಲು ಮತ್ತು ಉಗುರಿನ ಆರೋಗ್ಯಕ್ಕೆಂದು ಬಯೋಟಿನ್ ಮಾತ್ರೆ ಸೇವಿಸುವವರು ವೈದ್ಯರಿಗೆ ತಿಳಿಸಿ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ಬಯೋಟಿನ್ ದೇಹದ ಹಾರ್ಮೋನನ್ನು ಬದಲಿಸುವುದಿಲ್ಲ, ಆದರೆ ಹಲವು ಪ್ರಯೋಗಾಲಯಗಳ ಪರೀಕ್ಷಾ ವಿಧಾನವನ್ನೇ ದಾರಿತಪ್ಪಿಸಿ ಟಿಎಸ್‌ಎಚ್ ತಗ್ಗಿದಂತೆಯೂ ಟಿ3, ಟಿ4 ಏರಿದಂತೆಯೂ ತೋರಿಸಿಬಿಡುತ್ತದೆ.

ಟಿ4 ಮಾರ್ಪಟ್ಟು ಉಂಟಾಗುವ ನಿಷ್ಕ್ರಿಯ ರೂಪವೊಂದನ್ನು ಅಳೆಯುವ ರಿವರ್ಸ್ ಟಿ3 ಎಂಬ ಪರೀಕ್ಷೆಗೆ ಹಣ ಖರ್ಚು ಮಾಡುವ ಅಗತ್ಯವಿಲ್ಲ. ಮಾತ್ರೆಯ ಪ್ರಮಾಣವನ್ನು ನಿರ್ಧರಿಸಲು ಅದು ನೆರವಾಗುವುದಿಲ್ಲ.

ಮಾತ್ರೆ ನುಂಗುವ ಶಿಸ್ತು

ಬೆಳಗ್ಗೆ ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ಮಾತ್ರೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಏನನ್ನೂ ತಿನ್ನದಿರುವುದು ಎಲ್ಲಕ್ಕಿಂತ ಸರಳವಾದ ಕ್ರಮ. ಕಾಫಿಯೂ ಹಾರ್ಮೋನಿನ ಹೀರಿಕೆಯನ್ನು ತಗ್ಗಿಸುವುದರಿಂದ ಅದನ್ನೂ ಕಾಯಿಸಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳು, ಆಮ್ಲಪಿತ್ತಕ್ಕೆ ಕುಡಿಯುವ ಆಂಟಾಸಿಡ್, ಖನಿಜಗಳಿರುವ ಮಲ್ಟಿವಿಟಮಿನ್ ಇವುಗಳನ್ನು ಥೈರಾಯ್ಡ್ ಮಾತ್ರೆಯಿಂದ ಕನಿಷ್ಠ ನಾಲ್ಕು ಗಂಟೆ ದೂರವಿಡಬೇಕು, ಏಕೆಂದರೆ ಅವು ಕರುಳಿನಲ್ಲೇ ಹಾರ್ಮೋನಿಗೆ ಅಂಟಿಕೊಂಡು ಅದು ರಕ್ತ ಸೇರದಂತೆ ತಡೆಯುತ್ತವೆ. ಸೋಯಾ ಪದಾರ್ಥಗಳನ್ನು ಮತ್ತು ಹೆಚ್ಚು ನಾರಿನ ಆಹಾರವನ್ನು ಬಿಡಬೇಕಾಗಿಲ್ಲ, ಆದರೆ ಒಂದು ವಾರ ಧಾರಾಳವಾಗಿ ತಿಂದು ಮರುವಾರ ಮುಟ್ಟದಿರುವ ಅಸ್ಥಿರತೆ ಬೇಡ. ಬೆಳಗ್ಗೆ ಹೊಂದಿಕೆಯಾಗದವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ಸೇವಿಸಬಹುದು, ನಿದ್ರೆಗೆ ಭಂಗ ಬಾರದಿದ್ದರೆ ಮಾತ್ರ.

ಮಾತ್ರೆ ನುಂಗಿದ ಎರಡು ಮೂರು ಗಂಟೆಗಳಲ್ಲಿ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ಸಂಜೆಯ ಹೊತ್ತಿಗೆ ಬಳಲಿಕೆ ಆವರಿಸುವುದು ದಿನವೂ ಮರುಕಳಿಸುತ್ತಿದ್ದರೆ ಅದು ಟಿ3 ಏರಿಳಿತದ ಲಕ್ಷಣವಾಗಿರಬಹುದು. ಒಟ್ಟು ಪ್ರಮಾಣವನ್ನು ಬದಲಿಸದೆಯೇ ಅದನ್ನು ಎರಡು ಪಾಲು ಮಾಡಿ, ಒಂದನ್ನು ಬೆಳಗ್ಗೆ ಎದ್ದಾಗ, ಇನ್ನೊಂದನ್ನು ಮಧ್ಯಾಹ್ನದ ಹೊತ್ತು ಹೊಟ್ಟೆ ಖಾಲಿಯಿರುವಾಗ ಸೇವಿಸುವ ಬಗ್ಗೆ ವೈದ್ಯರನ್ನು ಕೇಳಬಹುದು. ಶಿಖರದ ಎತ್ತರ ತಗ್ಗುವುದರಿಂದ ಹಲವರಿಗೆ ಇದು ಹಿತವಾಗುತ್ತದೆ. ಆದರೆ ಎರಡನೆಯ ಪಾಲನ್ನು ಆಗಾಗ ಮರೆಯುವ ಸ್ವಭಾವದವರಿಗೆ ಒಂದೇ ಹೊತ್ತಿನ ಸೇವನೆಯೇ ಮೇಲು. ಮಾತ್ರೆಯನ್ನು ಕೈಯಿಂದ ಮುರಿದರೆ ಅಂಚು ಪುಡಿಯಾಗಿ ಎರಡು ಪಾಲೂ ಅಸಮವಾಗುತ್ತವೆ; ಮಾತ್ರೆ ಕತ್ತರಿಸುವ ಪುಟ್ಟ ಸಾಧನವನ್ನು ಬಳಸಬೇಕು, ಇಲ್ಲವೇ 15 ಅಥವಾ 30 ಮಿಲಿಗ್ರಾಂನ ಚಿಕ್ಕ ಮಾತ್ರೆಗಳನ್ನೇ ಬರೆಸಿಕೊಳ್ಳಬೇಕು. ಒಂದು ದಿನ ಮರೆತರೆ ಮರುದಿನ ಎರಡು ದಿನದ್ದನ್ನು ಒಟ್ಟಿಗೆ ನುಂಗಬಾರದು. ಲಿವೋಥೈರಾಕ್ಸಿನ್ ವಿಷಯದಲ್ಲಿ ಕೆಲವೊಮ್ಮೆ ಹಾಗೆ ಮಾಡಲು ಹೇಳುವುದುಂಟು, ಆದರೆ ಟಿ3 ಇರುವ ಮಾತ್ರೆಗೆ ಆ ಸಲಹೆ ಹೊಂದುವುದಿಲ್ಲ.

ಪ್ರಮಾಣವನ್ನು ಬದಲಿಸುವಾಗ

ಸಾಮಾನ್ಯವಾಗಿ ದಿನಕ್ಕೆ 30 ಮಿಲಿಗ್ರಾಂನಿಂದ ಆರಂಭಿಸಿ 15 ಮಿಲಿಗ್ರಾಂನಂತೆ ಹಂತಹಂತವಾಗಿ ಏರಿಸುವುದು ರೂಢಿ. ಬಹುತೇಕರು 60ರಿಂದ 120 ಮಿಲಿಗ್ರಾಂ ನಡುವೆ ಎಲ್ಲೋ ನೆಲೆ ನಿಲ್ಲುತ್ತಾರೆ. ಹೃದ್ರೋಗವಿರುವವರಿಗೆ ಮತ್ತು ವೃದ್ಧರಿಗೆ ಆರಂಭದ ಪ್ರಮಾಣ ಇನ್ನೂ ಕಡಿಮೆಯಿರಬೇಕು. ಲಿವೋಥೈರಾಕ್ಸಿನ್ ಬಿಟ್ಟು ಬರುವವರಿಗೆ 100 ಮೈಕ್ರೋಗ್ರಾಂ ಲಿವೋಥೈರಾಕ್ಸಿನ್ ಸುಮಾರು ಒಂದು ಗ್ರೇನಿಗೆ ಸಮವೆಂಬ ಲೆಕ್ಕವಿದೆಯಾದರೂ ಅದೊಂದು ಅಂದಾಜು ಮಾತ್ರ, ಆರು ವಾರಗಳ ನಂತರದ ಪರೀಕ್ಷೆಯೇ ನಿಜವಾದ ಉತ್ತರವನ್ನು ಕೊಡಬೇಕು.

ಆರು ವಾರ ಏಕೆ ಕಾಯಬೇಕು ಎಂಬ ಪ್ರಶ್ನೆ ಸಹಜ. ಟಿ4 ಅರ್ಧಕ್ಕಿಳಿಯಲು ಏಳು ದಿನ ಬೇಕಾಗುವುದರಿಂದ, ಬದಲಿಸಿದ ಪ್ರಮಾಣಕ್ಕೆ ತಕ್ಕಂತೆ ಅದರ ಮಟ್ಟ ಸ್ಥಿರಗೊಳ್ಳಲು ಐದಾರು ವಾರಗಳೇ ಹಿಡಿಯುತ್ತವೆ; ಟಿಎಸ್‌ಎಚ್ ಅದರ ಹಿಂದೆ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಟಿ3 ಪರಿಣಾಮವಾದರೋ ಎರಡು ಮೂರು ದಿನಗಳಲ್ಲೇ ಅನುಭವಕ್ಕೆ ಬರುತ್ತದೆ. ಹೀಗಾಗಿ ಪ್ರಮಾಣ ಏರಿಸಿದ ಮೊದಲ ವಾರದಲ್ಲಿ ಹೊಸ ಚೈತನ್ಯ ಬಂದಂತಾಗಿ, ಮೂರನೆಯ ವಾರದಲ್ಲಿ ಅದು ಇಳಿದಂತೆ ತೋರುವುದು ಸಾಮಾನ್ಯ. ಆಗಲೇ ಇನ್ನಷ್ಟು ಏರಿಸಿಕೊಳ್ಳುವ ಆತುರ ಬರುತ್ತದೆ, ಮತ್ತು ಅತಿಯಾದ ಪ್ರಮಾಣಕ್ಕೆ ಬಹಳಷ್ಟು ಜನ ತಲುಪುವುದು ಈ ದಾರಿಯಲ್ಲೇ. ಮೊದಲ ವಾರದ ಉತ್ಸಾಹವನ್ನೂ ಮೂರನೆಯ ವಾರದ ನಿರಾಸೆಯನ್ನೂ ತೀರ್ಪೆಂದು ಭಾವಿಸದೆ ಆರನೆಯ ವಾರದವರೆಗೆ ತಾಳುವುದು ಕಷ್ಟವೆಂದು ಬಲ್ಲೆ. ಆದರೂ ಬೇರೆ ದಾರಿಯಿಲ್ಲ. ಎದೆನೋವು, ಲಯ ತಪ್ಪಿದ ಎದೆಬಡಿತ, ಉಸಿರಾಟದ ತೊಂದರೆ ಕಂಡರೆ ಮಾತ್ರ ಒಂದು ದಿನವೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು.

ಈ ಅವಧಿಯಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳುವುದು ಬಹಳ ಉಪಯುಕ್ತ. ದಿನಾಂಕ, ಮಾತ್ರೆಯ ಪ್ರಮಾಣ ಮತ್ತು ನುಂಗಿದ ವೇಳೆ, ಹಾಸಿಗೆಯಿಂದ ಏಳುವ ಮುನ್ನ ಒಂದು ನಿಮಿಷ ಎಣಿಸಿದ ನಾಡಿಬಡಿತ, ನಿದ್ರೆ ಹೇಗಿತ್ತೆಂಬ ಒಂದು ಮಾತು, ವಾರಕ್ಕೊಮ್ಮೆ ತೂಕ: ಇಷ್ಟು ಸಾಕು. ನಾಡಿಬಡಿತ ನಿಮಿಷಕ್ಕೆ 68ರ ಸುಮಾರಿನಲ್ಲಿ ಇರುತ್ತಿದ್ದವರಲ್ಲಿ ಅದು ವಾರದಿಂದ ವಾರಕ್ಕೆ ಏರುತ್ತಾ 84ಕ್ಕೆ ತಲುಪಿದ್ದು ಪುಟದಲ್ಲಿ ಕಾಣುತ್ತಿದ್ದರೆ, ಮತ್ತು ಜೊತೆಗೆ ನಿದ್ರೆ ಕೆಡುವುದು, ಬೆವರುವುದು, ಕಾರಣವಿಲ್ಲದೆ ತೂಕ ಇಳಿಯುವುದು ಸೇರಿದ್ದರೆ, ಮುಂದಿನ ಪರೀಕ್ಷೆಯ ದಿನಕ್ಕಾಗಿ ಕಾಯದೆ ವೈದ್ಯರಿಗೆ ತಿಳಿಸಬೇಕು. ತೂಕ ಇಳಿಸಲೆಂದೇ ಈ ಮಾತ್ರೆಯನ್ನು ಹೆಚ್ಚಿಸಿಕೊಳ್ಳುವುದು ಜೀವಕ್ಕೇ ಅಪಾಯಕಾರಿ.

ಅಂಕಿಗಳೆಲ್ಲ ಸರಿಯಿದ್ದೂ ಆಯಾಸ ಉಳಿದರೆ ಪ್ರಮಾಣವನ್ನು ಕೆದಕುವ ಮೊದಲು ಇತರ ಕಾರಣಗಳನ್ನು ಹುಡುಕಬೇಕು. ಕಬ್ಬಿಣದ ಕೊರತೆ, ವಿಟಮಿನ್ ಬಿ12 ಕೊರತೆ, ನಿದ್ರೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಏಪ್ನಿಯಾ, ಖಿನ್ನತೆ ಇವೆಲ್ಲವೂ ಥೈರಾಯ್ಡ್ ಕೊರತೆಯಂತೆಯೇ ತೋರುತ್ತವೆ. ಪ್ರಮಾಣ ಎಷ್ಟು ಹೆಚ್ಚಿಸಿದರೂ ಟಿಎಸ್‌ಎಚ್ ಇಳಿಯದಿದ್ದರೆ ಗೋಧಿಯಲ್ಲಿರುವ ಗ್ಲುಟೆನ್ ಒಗ್ಗದೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯೋ ಜಠರದ ತೊಂದರೆಯೋ ಹೀರಿಕೆಯನ್ನು ತಡೆಯುತ್ತಿದೆಯೇ ಎಂದು ಪರೀಕ್ಷಿಸಬೇಕು. ಅಡ್ರಿನಲ್ ಗ್ರಂಥಿಯ ಕೊರತೆಯಿದ್ದರೆ ಅದಕ್ಕೆ ಮೊದಲು ಚಿಕಿತ್ಸೆಯಾಗಲೇಬೇಕು. ಹಾಗಲ್ಲದೆ ಥೈರಾಯ್ಡ್ ಹಾರ್ಮೋನು ಕೊಟ್ಟರೆ ಪ್ರಾಣಾಪಾಯದ ಸ್ಥಿತಿ ಒದಗಬಹುದು.

ಬೇರೆ ಔಷಧಗಳು ಮತ್ತು ಗರ್ಭಧಾರಣೆ

ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಆರಂಭಿಸಿದಾಗ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನನ್ನು ಹಿಡಿದಿಡುವ ಪ್ರೋಟೀನು ಹೆಚ್ಚುವುದರಿಂದ ಮಾತ್ರೆಯ ಅಗತ್ಯವೂ ಹೆಚ್ಚಬಹುದು. ನಿಲ್ಲಿಸಿದಾಗ ಅದು ಇಳಿಯುತ್ತದೆ. ವಾರ್ಫರಿನ್ ಸೇವಿಸುವವರಲ್ಲಿ ಥೈರಾಯ್ಡ್ ಪ್ರಮಾಣ ಏರಿದರೆ ರಕ್ತ ತೆಳುವಾಗಿಸುವ ಅದರ ಗುಣವೂ ಹೆಚ್ಚುತ್ತದೆ, ಹಾಗಾಗಿ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ತಿಳಿಸುವ ಐಎನ್‌ಆರ್ ಪರೀಕ್ಷೆಯನ್ನು ಬೇಗ ಬೇಗ ಮಾಡಿಸಬೇಕು. ಮಧುಮೇಹದ ಔಷಧಗಳ ಪ್ರಮಾಣವನ್ನೂ ಬದಲಿಸಬೇಕಾಗಿ ಬರಬಹುದು.

ಗರ್ಭಧಾರಣೆಯ ವಿಷಯದಲ್ಲಿ ಯಾವ ಸಡಿಲಿಕೆಯೂ ಸಲ್ಲದು. ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿನ ಮಿದುಳು ಬೆಳೆಯಲು ತಾಯಿಯ ರಕ್ತದಲ್ಲಿರುವ ಟಿ4 ಬೇಕು. ಶಿಶುವಿನ ಸ್ವಂತ ಗ್ರಂಥಿ ಆಗಿನ್ನೂ ಕೆಲಸಕ್ಕೆ ತೊಡಗಿರುವುದಿಲ್ಲ, ಮತ್ತು ತಾಯಿಯ ಟಿ3 ಶಿಶುವಿನ ಮಿದುಳಿಗೆ ಟಿ4 ಮಾಡುವ ಕೆಲಸವನ್ನು ಮಾಡಲಾರದು. ಪ್ರಾಣಿಮೂಲದ ಮಾತ್ರೆ ಟಿ4 ಮಟ್ಟವನ್ನೇ ತಗ್ಗಿಸಿ ಇಡುವುದರಿಂದ, ಗರ್ಭಿಣಿಯರಿಗೆ ಲಿವೋಥೈರಾಕ್ಸಿನ್ ಒಂದನ್ನೇ ಕೊಡಬೇಕೆಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಮಗು ಬೇಕೆಂದು ಯೋಚಿಸುವಾಗಲೇ ಈ ಬದಲಾವಣೆ ಮಾಡಿಕೊಂಡು ಟಿಎಸ್‌ಎಚ್ ಸ್ಥಿರವಾಗುವವರೆಗೆ ಕಾಯುವುದು ಒಳ್ಳೆಯದು. ಈಗಾಗಲೇ ಗರ್ಭಿಣಿಯಾಗಿದ್ದರೆ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ಅದೇ ದಿನ ವೈದ್ಯರನ್ನು ಸಂಪರ್ಕಿಸಬೇಕು.

ಡಬ್ಬಿ ಬದಲಾದಾಗ

ಪ್ರಾಣಿಯ ಗ್ರಂಥಿಯಿಂದ ತಯಾರಾಗುವ ಔಷಧವಾದ್ದರಿಂದ ಒಂದು ತಯಾರಿಕೆಯ ಮಾತ್ರೆಗೂ ಇನ್ನೊಂದರದಕ್ಕೂ ಬಲದಲ್ಲಿ ವ್ಯತ್ಯಾಸವಿರಬಹುದು. ಹಿಂದೆ ಇಂಥ ಮಾತ್ರೆಗಳ ಗುಣಮಟ್ಟವನ್ನು ಅವುಗಳಲ್ಲಿರುವ ಅಯೋಡಿನ್ ಪ್ರಮಾಣದಿಂದ ಅಳೆಯುತ್ತಿದ್ದರು. ಈಗ ಟಿ4 ಮತ್ತು ಟಿ3 ಎರಡನ್ನೂ ನೇರವಾಗಿ ಅಳೆಯುತ್ತಾರೆ. ಹಾಗಿದ್ದರೂ ಬಲ ಹೆಚ್ಚಾಯಿತೆಂದೋ ಕಡಿಮೆಯಾಯಿತೆಂದೋ ಅಮೆರಿಕದಲ್ಲಿ ಕೆಲವು ತಯಾರಿಕೆಗಳನ್ನು ಮಾರುಕಟ್ಟೆಯಿಂದ ಹಿಂಪಡೆದ ಪ್ರಸಂಗಗಳು 2020 ಮತ್ತು 2021ರಲ್ಲಿ ನಡೆದಿವೆ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಈ ವರ್ಗದ ಮಾತ್ರೆಗಳಿಗೆ ಅನುಮೋದನೆ ನೀಡಿಲ್ಲ ಎಂಬುದೂ ಗೊತ್ತಿರಬೇಕು. ಸಾಧ್ಯವಾದಷ್ಟು ಕಾಲ ಒಂದೇ ತಯಾರಕರ ಮಾತ್ರೆಯಲ್ಲಿ ಮುಂದುವರಿಯುವುದು, ಹೊಸ ಡಬ್ಬಿ ತೆರೆದಾಗ ಅದರ ಮೇಲಿನ ಬ್ಯಾಚ್ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು, ತೇವ ಮತ್ತು ಬಿಸಿಲು ತಾಗದ ಕಡೆ ಮುಚ್ಚಿದ ಡಬ್ಬಿಯಲ್ಲೇ ಇಡುವುದು ಅಭ್ಯಾಸವಾಗಬೇಕು. ಡಬ್ಬಿ ಬದಲಾದ ನಂತರ ಹಳೆಯ ಆಯಾಸವೋ ಹೊಸದಾಗಿ ಎದೆಬಡಿತವೋ ಕಾಣಿಸಿಕೊಂಡರೆ ಆ ಬ್ಯಾಚ್ ಸಂಖ್ಯೆಯೊಂದಿಗೆ ವೈದ್ಯರ ಬಳಿಗೆ ಹೋಗಬೇಕು. ತಯಾರಕರೇ ಬದಲಾಗಿದ್ದರೆ, ಯಾವ ತೊಂದರೆಯೂ ಕಾಣದಿದ್ದರೂ ಆರು ವಾರಗಳ ನಂತರ ಟಿಎಸ್‌ಎಚ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ಎಲ್ಲವೂ ಸ್ಥಿರವಾಗಿರುವವರಿಗೆ ಆರು ತಿಂಗಳಿಂದ ಒಂದು ವರ್ಷದೊಳಗೆ ಒಮ್ಮೆ ಪರೀಕ್ಷೆ ಸಾಕಾಗುತ್ತದೆ.